ಆಪರೇಷನ್ ಮುಗಿದ ಮೇಲೆ ಫೋನ್ ಎತ್ತುವವರು ಯಾರು?

ತೊಡೆಮೂಳೆಯೊಳಗೆ ಟೈಟಾನಿಯಂ ಲೋಹದ ತುಂಡೊಂದನ್ನು ಕೂರಿಸಿ, ಅದರ ತುದಿಯನ್ನು ಚರ್ಮದಿಂದ ಹೊರಗೆ ಬಿಟ್ಟು, ಆ ತುದಿಗೇ ಕೃತಕ ಕಾಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯ ವಿಡಿಯೊಗಳು ಈಗ ನಮ್ಮ ಕೋಲಾರದ ಮೊಬೈಲ್‌ಗಳಲ್ಲೂ ಓಡಾಡುತ್ತಿವೆ. ನನ್ನ ಬಳಿ ಫಿಸಿಯೊಥೆರಪಿಗೆ ಬರುವವರು ವ್ಯಾಯಾಮದ ನಡುವೆ ಫೋನ್ ತೆಗೆದು ತೋರಿಸುತ್ತಾರೆ. ಸಾಕೆಟ್ ಇಲ್ಲ, ಪಟ್ಟಿ ಇಲ್ಲ. ಮನುಷ್ಯ ಕುರ್ಚಿಯಲ್ಲಿ ಕುಳಿತು ಒಂದು ಕೀಲಿ ತಿರುಗಿಸಿದಂತೆ ಕಾಲನ್ನು ಸಿಕ್ಕಿಸಿಕೊಂಡು ಎದ್ದು ನಡೆದುಬಿಡುತ್ತಾನೆ. “ಅಕ್ಕಾ, ಇದು ನನಗೂ ಆಗುತ್ತದೆಯೇ?” ಎಂದು ಕೇಳುತ್ತಾರೆ. ಚಿಕಿತ್ಸೆಯ ಮೇಜಿನ ಬಳಿ ನಿಂತು ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ಹೇಳಬೇಕು. ಸಾಕೆಟ್ ಎಂದರೆ ಮೋಟುಕಾಲನ್ನು ಒಳಗೆ ತೂರಿಸಿಕೊಳ್ಳುವ ಗಟ್ಟಿ ಬಟ್ಟಲು. ದೇಹದ ಭಾರವೆಲ್ಲ ಅದರ ಅಂಚಿನ ಮೂಲಕ ಚರ್ಮದ ಮೇಲೆ ಬೀಳುತ್ತದೆ. ಆದರೆ ತೊಡೆಯ ಚರ್ಮ ಅಂಗಾಲಿನ ಚರ್ಮದಂತೆ ಭಾರ ಹೊರಲು ಆದದ್ದಲ್ಲ. ಏಪ್ರಿಲ್ ತಿಂಗಳಿನಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಕ್ರೇಟುಗಳ ನಡುವೆ ಬೆಳಗಿನಿಂದ ನಿಂತವನ ಸಾಕೆಟ್ ಬಿಚ್ಚಿದರೆ ಒಳಗೆ ಬೆವರು ನಿಂತಿರುತ್ತದೆ. ಮೋಟಿಗೆ ಹಾಕುವ ಮೆತ್ತನೆಯ ಒಳಪದರ, ಅಂದರೆ ಲೈನರ್, ಜಾರುತ್ತದೆ, ಚರ್ಮ ಉಜ್ಜುತ್ತದೆ, ಬೊಕ್ಕೆ ಏಳುತ್ತದೆ, ಅದು ಒಡೆದು ಹುಣ್ಣಾಗುತ್ತದೆ. ಹುಣ್ಣು ಒಣಗುವವರೆಗೆ ಕಾಲು ಹಾಕುವಂತಿಲ್ಲ, ಕಾಲು ಹಾಕದಿದ್ದರೆ ಕೂಲಿಯಿಲ್ಲ. ಸ್ವಲ್ಪ ದಪ್ಪವಾದರೆ ಸಾಕೆಟ್ ಬಿಗಿಯುತ್ತದೆ, ಸೊರಗಿದರೆ ಸಡಿಲವಾಗುತ್ತದೆ. ಅಪಘಾತದಲ್ಲಿ ತೊಡೆಯ ಬಹುಪಾಲು ಹೋಗಿ ಗಿಡ್ಡ ಮೋಟು ಮಾತ್ರ ಉಳಿದವರಿಗೆ ಸಾಕೆಟ್ ಹಿಡಿದುಕೊಳ್ಳಲು ಜಾಗವೇ ಇರುವುದಿಲ್ಲ. ಅಂಥವರು ಮನೆಯ ಮೂಲೆಯಲ್ಲಿ ಕೃತಕ ಕಾಲನ್ನು ಒರಗಿಸಿಟ್ಟು ಊರುಗೋಲಿನಲ್ಲೇ ಬದುಕು ಸಾಗಿಸುವುದನ್ನು ನಾನು ತುಂಬ ನೋಡಿದ್ದೇನೆ. ಅವರ ಆಸೆಯನ್ನು ಹುಚ್ಚು ಎಂದು ತಳ್ಳಿಹಾಕುವ ವೈದ್ಯರ ಮೇಲೆ ನನಗೆ ಸಿಟ್ಟು ಬರುತ್ತದೆ.

ಈ ವಿದ್ಯೆಯ ಮೂಲ ಸ್ವೀಡನ್ನಿನಲ್ಲಿದೆ. 1952ರಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ರಕ್ತಸಂಚಾರವನ್ನು ಗಮನಿಸಲು ಟೈಟಾನಿಯಂನ ಸಣ್ಣ ಉಪಕರಣ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ, ಮೂಳೆ ಅದನ್ನು ತನ್ನದೆಂದೇ ಹಿಡಿದುಕೊಂಡಿತ್ತು. 1965ರಲ್ಲಿ ಇದೇ ತತ್ವದ ಮೇಲೆ ಮನುಷ್ಯನಿಗೆ ಹಲ್ಲು ಕೂರಿಸಿದರು. ಇಂದು ನಮ್ಮ ಊರಿನ ದಂತವೈದ್ಯರು ಹಾಕುವ ಇಂಪ್ಲಾಂಟ್ ಅದರದೇ ಸಂತತಿ. 1990ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗೆ ಮೊದಲ ಬಾರಿ ಇದನ್ನು ಮಾಡಿದರು. ಅದನ್ನು ಮುಂದೆ ಬೆಳೆಸಿದವರು ಅವರ ಮಗ, ಮೂಳೆ ವೈದ್ಯ ರಿಕಾರ್ಡ್ ಬ್ರೋನೆಮಾರ್ಕ್. ಜರ್ಮನಿಯಲ್ಲಿ 1999ರಿಂದ ಇನ್ನೊಂದು ಬಗೆಯ ಇಂಪ್ಲಾಂಟ್ ಬಂತು. ಅದನ್ನು ತಿರುಪಿನ ಬದಲು ಬಿಗಿಯಾಗಿ ತಟ್ಟಿ ಕೂರಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ವೀಡನ್ನಿನ ಪದ್ಧತಿಗೆ ಪೂರ್ಣ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರಿನಲ್ಲಿ. ಆಗಲೂ ಅದನ್ನು ಎಲ್ಲರಿಗೂ ಎಂದು ಹೇಳಲಿಲ್ಲ. ತೊಡೆಯ ಮಟ್ಟದಲ್ಲಿ ಕಾಲು ಹೋದವರಲ್ಲಿ, ಸಾಕೆಟ್ ಹಾಕಿ ತೊಂದರೆ ಅನುಭವಿಸುತ್ತಿರುವವರಿಗೆ ಅಥವಾ ತೊಂದರೆ ಆಗುವುದು ಖಚಿತ ಎನ್ನಿಸುವವರಿಗೆ ಎಂದು ಮಿತಿ ಹಾಕಿತು. ವಿಡಿಯೊಗಳಲ್ಲಿ ಈ ಮಿತಿ ಕಾಣಿಸುವುದಿಲ್ಲ.

ಸ್ವೀಡನ್ನಿನ ಪದ್ಧತಿಯಲ್ಲಿ ಎರಡು ಆಪರೇಷನ್‌ಗಳಿವೆ. ಮೊದಲನೆಯದರಲ್ಲಿ ಮೂಳೆಯ ಪೊಳ್ಳಿನೊಳಗೆ ತಿರುಪನ್ನು ಕೂರಿಸಿ ಚರ್ಮವನ್ನು ಮುಚ್ಚುತ್ತಾರೆ. ಮೂಳೆ ಲೋಹಕ್ಕೆ ಬೆಸೆದುಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಎರಡನೆಯದರಲ್ಲಿ ಚರ್ಮವನ್ನು ತೆಳುವಾಗಿಸಿ ಮೂಳೆಯ ತುದಿಗೆ ಅಂಟುವಂತೆ ಮಾಡಿ, ಅದರಲ್ಲಿ ಒಂದು ದ್ವಾರ ತೆರೆದು, ಹೊರಗೆ ಬರುವ ಕಂಬಿಯನ್ನು ಜೋಡಿಸುತ್ತಾರೆ. ಆಮೇಲೆ ತೂಕದ ಯಂತ್ರದ ಮೇಲೆ ಕಂಬಿಯನ್ನು ಊರಿ, ಸುಮಾರು 20 ಕಿಲೊ ಭಾರದಿಂದ ಶುರುಮಾಡಿ, ನೋವು ನೋಡಿಕೊಂಡು ವಾರವಾರವೂ ಏರಿಸುತ್ತಾ ಹೋಗಬೇಕು. ಕೂರಿಸಿದ ದಿನದಿಂದ ಊರುಗೋಲು ಬಿಡುವವರೆಗೆ ಒಂದು ವರ್ಷದ ಲೆಕ್ಕ ಇಟ್ಟುಕೊಂಡರೆ ಆತುರ ಕಡಿಮೆಯಾಗುತ್ತದೆ. ತಟ್ಟಿ ಕೂರಿಸುವ ಬಗೆಯಲ್ಲಿ ಇದು ಬೇಗ ಮುಗಿಯುತ್ತದೆ, ಕೆಲವೊಮ್ಮೆ ಒಂದೇ ಆಪರೇಷನ್ ಸಾಕಾಗುತ್ತದೆ.

ಸಿಗುವ ಲಾಭ ನಿಜವಾದದ್ದು. ಸೊಂಟದ ಕೀಲು ಪೂರ್ತಿ ಮಡಚುತ್ತದೆ, ಕುರ್ಚಿಯಲ್ಲಿ ಕುಳಿತಾಗ ಸಾಕೆಟ್ಟಿನ ಅಂಚು ಚುಚ್ಚುವುದಿಲ್ಲ. ನಡೆಯುವಾಗ ಕಾಲಡಿಯಲ್ಲಿ ಇರುವುದು ಸಿಮೆಂಟೋ ಮಣ್ಣೋ ಎಂಬುದು ಮೂಳೆಯ ಮೂಲಕ ತಿಳಿಯುತ್ತದೆ ಎಂದು ಹಾಕಿಸಿಕೊಂಡವರು ಹೇಳುತ್ತಾರೆ.

ಆದರೆ ಆ ದ್ವಾರ ಎಂದೂ ಮುಚ್ಚುವುದಿಲ್ಲ. ಮುಚ್ಚಬಾರದು ಎಂದೇ ಅದನ್ನು ಮಾಡಿರುತ್ತಾರೆ. ಲೋಹಕ್ಕೆ ಮೂಳೆ ಬೆಸೆಯುತ್ತದೆ, ಚರ್ಮ ಬೆಸೆಯುವುದಿಲ್ಲ. ಆ ಸಣ್ಣ ಸಂದಿಯಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ದಿನವೂ ಸ್ವಲ್ಪ ತಿಳಿಯಾದ ನೀರು ಒಸರುವುದು ಸಹಜ. ಕೆಂಪಾಗಿ, ಬಿಸಿಯಾಗಿ, ನೋವಾಗಿ, ಕೀವು ಬಂದರೆ ಸೋಂಕು. ಸ್ವೀಡನ್ನಿನಲ್ಲಿ 51 ಜನರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ 28 ಜನರಿಗೆ ಚರ್ಮದ ಮಟ್ಟದ ಸೋಂಕು ತಗಲಿತ್ತು, ಒಟ್ಟು 41 ಸಲ. ಅರ್ಧಕ್ಕಿಂತ ಹೆಚ್ಚು ಜನ! ಹೆಚ್ಚಿನವು ಮಾತ್ರೆಯಲ್ಲೇ ಹೋಗುವಂಥವು, ಆದ್ದರಿಂದ ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಅದೇ ಜನರನ್ನು ಐದು ವರ್ಷದವರೆಗೆ ನೋಡಿದಾಗ ನೂರರಲ್ಲಿ 92ರಷ್ಟು ಇಂಪ್ಲಾಂಟ್‌ಗಳು ಗಟ್ಟಿಯಾಗಿ ಉಳಿದಿದ್ದವು. ಆದರೆ ಯಾವ ಭಾಗವನ್ನೂ ಬದಲಾಯಿಸದೆ ಉಳಿದವು 45ರಷ್ಟು ಮಾತ್ರ. ಗೋಥೆನ್‌ಬರ್ಗಿನ 96 ಜನರ ಇನ್ನೊಂದು ಅಧ್ಯಯನದ ಪ್ರಕಾರ ಹತ್ತು ವರ್ಷದಲ್ಲಿ ಸೋಂಕು ಮೂಳೆಯೊಳಗೆ ಇಳಿಯುವ ಸಂಭವ ಶೇ. 20, ಆ ಕಾರಣದಿಂದ ಇಂಪ್ಲಾಂಟನ್ನೇ ತೆಗೆಯಬೇಕಾದ ಸಂಭವ ಶೇ. 9. ಐವರಲ್ಲಿ ಒಬ್ಬರ ಮೂಳೆಗೆ ಸೋಂಕು. ಈ ಮಾತನ್ನು ರೋಗಿಯ ಮುಖ ನೋಡಿಕೊಂಡೇ ಹೇಳಬೇಕು, ಸಹಿ ಹಾಕಿಸುವ ಕಾಗದದ ಸಣ್ಣ ಅಕ್ಷರಗಳಲ್ಲಿ ಅಡಗಿಸಿಡಬಾರದು.

ಈ ಲೆಕ್ಕಗಳೆಲ್ಲ ಎಲ್ಲಿಯವು ಎಂಬುದನ್ನೂ ನೋಡಿ. ವರ್ಷಗಟ್ಟಲೆ ಇದೊಂದನ್ನೇ ಮಾಡಿದ ತಂಡ, ಕರೆದರೆ ಸಿಗುವ ನರ್ಸ್, ನಲ್ಲಿಯಲ್ಲಿ ಕುಡಿಯುವಷ್ಟು ಶುದ್ಧ ನೀರು ಇರುವ ದೇಶದವು. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದ ಕೊಳವೆಬಾವಿಯ ನೀರು ಟ್ಯಾಂಕರಿನಲ್ಲಿ ಬಂದು ಸಂಪಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯಿಂದ ನಮ್ಮ ಕೆರೆಗಳು ತುಂಬಿವೆ, ರೈತರಿಗೆ ಅದು ಆಸರೆಯಾಗಿದೆ. ಆದರೆ ಚರ್ಮದಲ್ಲಿ ತೆರೆದ ದ್ವಾರ ಇರುವವರು ಆ ನೀರಿಗೆ ಇಳಿಯುವಂತಿಲ್ಲ. ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬರುವ ನೀರು ಎಷ್ಟೇ ಪವಿತ್ರವಾಗಿದ್ದರೂ ಅದರ ಕಲ್ಯಾಣಿಯಲ್ಲಿ ಮುಳುಗುವಂತಿಲ್ಲ. ದ್ವಾರವನ್ನು ತೊಳೆಯಲು ದುಬಾರಿ ಔಷಧ ಬೇಡ. ದಿನಕ್ಕೆ ಎರಡು ಸಲ ಸಾದಾ ಸೋಪು, ಕುದಿಸಿ ಆರಿಸಿದ ನೀರು, ಆಮೇಲೆ ಒಣ ಗಾಜ್ ಬಟ್ಟೆ ಸಾಕು. ಹಸುವಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರು ಅದನ್ನು ಮುಚ್ಚಿಕೊಂಡೇ ಒಳಗೆ ಹೋಗಬೇಕು. ಹಳ್ಳಿಯಲ್ಲಿ ಕೆಲವರು ಗಾಯ ಕಂಡರೆ ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇಲ್ಲಿ ಅದು ಅಪಾಯ. ಈ ಮಾತನ್ನು ರೋಗಿಗೆ ಹೇಳಿದರೆ ಸಾಲದು, ಮನೆಯ ಅತ್ತೆಗೋ ಅಜ್ಜಿಗೋ ಕೂರಿಸಿ ಹೇಳಬೇಕು.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರು ದೂರದ ಊರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದಾರೆ. ಅವರ ಒಪ್ಪಿಗೆ ಪಡೆದು ಅವರ ಅನುಭವ ಬರೆಯುತ್ತಿದ್ದೇನೆ, ಹೆಸರು ಬೇಡ. ಕಾಯಿ ಇಳಿಸುವ ಕಾಲ, ಮೇ ತಿಂಗಳು. ದ್ವಾರದ ಸುತ್ತ ಕೆಂಪೇರಿತು, ರಾತ್ರಿ ಜ್ವರ ಬಂತು. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ ಸೋಮವಾರ ಹೊರರೋಗಿ ವಿಭಾಗಕ್ಕೆ ಬನ್ನಿ ಎಂಬ ಉತ್ತರ. ಹತ್ತಿರದ ಒಂದು ಆಸ್ಪತ್ರೆಗೆ ಹೋದರು. ಅಲ್ಲಿನ ಯುವ ವೈದ್ಯರು ಇಂಥದ್ದನ್ನು ಹಿಂದೆ ಕಂಡವರಲ್ಲ. ಮೂಳೆಯಿಂದ ಲೋಹ ಹೊರಬಂದಿದೆ, ಗಾಯ ಕೂಡಿಲ್ಲ ಎಂದುಕೊಂಡು ಚರ್ಮವನ್ನು ಎಳೆದು ಹೊಲಿಗೆ ಹಾಕಲು ಸಿದ್ಧರಾದರು. ಹಾಕಿದ್ದರೆ ಕೀವೆಲ್ಲ ಒಳಗೇ ಉಳಿಯುತ್ತಿತ್ತು. ಇವರು ಹಟ ಹಿಡಿದು ಬೇಡವೆಂದು ಎದ್ದು ಬಂದರು. ಕೊನೆಗೆ ಪುನರ್ವಸತಿಯ ಸಮಯದಲ್ಲಿ ವ್ಯಾಯಾಮ ಕಲಿಸಿದ್ದ ಥೆರಪಿಸ್ಟ್ ಒಬ್ಬರ ಸ್ವಂತ ನಂಬರ್ ಫೋನಿನಲ್ಲಿ ಸಿಕ್ಕಿ, ಅವರ ಮೂಲಕ ಶಸ್ತ್ರವೈದ್ಯರು ಸಿಕ್ಕಿ, ಕೀವಿನ ಮಾದರಿ ಪರೀಕ್ಷೆಗೆ ಹೋಗಿ, ಸರಿಯಾದ ಆ್ಯಂಟಿಬಯೋಟಿಕ್ ಶುರುವಾಯಿತು. ಈಗ ಚೆನ್ನಾಗಿದ್ದಾರೆ, ತೋಟದ ಇಳಿಜಾರಿನಲ್ಲಿ ನಡೆಯುತ್ತಾರೆ. ಮತ್ತೆ ಸಾಕೆಟ್ ಹಾಕುತ್ತೀರಾ ಎಂದು ಕೇಳಿದರೆ ಬೇಡವೇ ಬೇಡ ಎನ್ನುತ್ತಾರೆ. ಆದರೆ ಆ ರಾತ್ರಿಯ ಬಗ್ಗೆ ಹೇಳುವಾಗ ಅವರ ದನಿ ಇಂದಿಗೂ ಕುಗ್ಗುತ್ತದೆ. “ಕಾಲು ಹೋದ ದಿನ ನನ್ನ ಸುತ್ತ ಹತ್ತು ಜನ ಇದ್ದರು ಮೇಡಂ. ಅವತ್ತು ಯಾರಿಗೆ ಹೇಳಬೇಕು ಎಂದೇ ಗೊತ್ತಾಗಲಿಲ್ಲ” ಎಂದರು.

ಆ ವೈದ್ಯರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಅವರ ಕೈಗೆ ಯಾರೂ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ನಮ್ಮ ದೇಶದಲ್ಲಿ ಇದು ಇನ್ನೂ ಅಪರೂಪದ ಚಿಕಿತ್ಸೆ, ರಾತ್ರಿ ಪಾಳಿಯ ವೈದ್ಯರು ಇದನ್ನು ತಾವಾಗಿಯೇ ತಿಳಿದಿರಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಪರೇಷನ್ ಮಾಡಿದವರದು ಆ ಹೊಣೆ. ಲಕ್ಷಗಟ್ಟಲೆ ಹಣ ತೆಗೆದುಕೊಂಡು ದೂರದ ಊರಿಗೆ ರೋಗಿಯನ್ನು ಕಳಿಸುವ ಮುನ್ನ ಆ ಊರಿನ ಒಬ್ಬ ವೈದ್ಯರಿಗಾದರೂ ಪತ್ರ ಬರೆಯಬೇಕು. ಇದು ವಾಸಿಯಾಗದ ಗಾಯವಲ್ಲ, ಬೇಕೆಂದೇ ಬಿಟ್ಟ ದ್ವಾರ. ಹೊಲಿಯಬೇಡಿ, ಕಂಬಿಯನ್ನು ಎಳೆಯಬೇಡಿ, ಮಾದರಿ ತೆಗೆದುಕೊಂಡ ಮೇಲೆ ಆ್ಯಂಟಿಬಯೋಟಿಕ್ ಕೊಡಿ, ಈ ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಇಷ್ಟು ಸಾಕು, ಅರ್ಧ ಪುಟ. ರೋಗಿಗೆ ಕೊಡುವ ಸೂಚನೆ ಕನ್ನಡದಲ್ಲಿರಲಿ, ನಮ್ಮ ಗಡಿ ಹಳ್ಳಿಗಳಿಗೆ ತೆಲುಗಿನಲ್ಲೂ ಇರಲಿ. ಇಂಗ್ಲಿಷಿನ ಡಿಸ್ಚಾರ್ಜ್ ಸಾರಾಂಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು, ಒಂದಕ್ಷರವೂ ಓದಲಾಗದೆ ನನ್ನ ಬಳಿ ತರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಲೋಹದ ಕಡೆಯ ತೊಂದರೆಗಳೂ ಇವೆ. ಬಿದ್ದಾಗ ಅಥವಾ ಕಾಲು ತಿರುಚಿಕೊಂಡಾಗ ಹೊರಗಿನ ಕಂಬಿ ಬಾಗಬಹುದು, ಅದನ್ನು ಹಿಡಿದಿರುವ ತಿರುಪು ಮುರಿಯಬಹುದು. ಒಂದು ಮಟ್ಟಿಗೆ ಅದು ಮುರಿಯಲಿ ಎಂದೇ ಇರುವುದು. ಮನೆಯ ಮೀಟರಿನ ಫ್ಯೂಸ್ ಹೋಗಿ ಉಳಿದದ್ದನ್ನು ಕಾಪಾಡುವಂತೆ, ಅದು ಸೋತು ಮೂಳೆಯನ್ನು ಉಳಿಸುತ್ತದೆ. ಬದಲಾಯಿಸುವುದು ಸಣ್ಣ ಕೆಲಸ, ಭಾಗ ಕೈಯಲ್ಲಿದ್ದರೆ. ವಿದೇಶದಿಂದ ಬರಬೇಕೆಂದರೆ ಅಷ್ಟು ದಿನವೂ ಊರುಗೋಲು. ಆದ್ದರಿಂದ ಇಂಪ್ಲಾಂಟಿನ ತಯಾರಕರು, ಮಾದರಿ, ಅಳತೆ, ಸರಣಿ ಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆಯಬೇಕು, ಅದರ ಫೋಟೊವನ್ನು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟಿರಬೇಕು. ಜೋರಾಗಿ ಬಿದ್ದರೆ ಇಂಪ್ಲಾಂಟಿನ ಪಕ್ಕದ ಮೂಳೆಯೇ ಮುರಿಯುವುದೂ ಉಂಟು. ಓಡುವುದು, ಜಿಗಿಯುವುದು, ಭಾರದ ಮೂಟೆ ಹೊರುವುದು ಬೇಡ ಎಂದು ವೈದ್ಯರು ಹೇಳುವುದು ಅದಕ್ಕೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಚ್ಚಲುಮನೆಯ ಕಲ್ಲು ನಮ್ಮ ಕಡೆ ದೊಡ್ಡ ಶತ್ರು. ಗೋಡೆಗೆ ಹಿಡಿಕೆ, ನೆಲಕ್ಕೆ ಒರಟು ಚಾಪೆ ಆಪರೇಷನ್‌ಗೆ ಮುಂಚೆಯೇ ಆಗಬೇಕು.

ಹಾಗೆಯೇ, ಕಾಲು ಹೋದ ಮೇಲೂ ಇಲ್ಲದ ಪಾದದಲ್ಲಿ ಉರಿ, ಇಲ್ಲದ ಬೆರಳುಗಳಲ್ಲಿ ಸೆಳೆತ ಬರುವುದುಂಟು. ಈ ಶಸ್ತ್ರಚಿಕಿತ್ಸೆಯಿಂದ ಅದು ಹೋಗಿಯೇ ತೀರುತ್ತದೆ ಎಂದು ಯಾರೂ ಮಾತು ಕೊಡಲಾರರು. ಕನ್ನಡಿಯ ಮುಂದೆ ಉಳಿದಿರುವ ಕಾಲನ್ನು ಆಡಿಸಿ, ಅದರ ಬಿಂಬವನ್ನು ಹೋದ ಕಾಲೆಂದು ಮಿದುಳಿಗೆ ನಂಬಿಸುವ ಚಿಕಿತ್ಸೆಯನ್ನು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಜಗತ್ತಿಗೆ ತೋರಿಸಿದರು. ಅಂಗಡಿಯಲ್ಲಿ ಸಿಗುವ ಒಂದು ಉದ್ದ ಕನ್ನಡಿ ಸಾಕು. ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಿದವರು ರಾತ್ರಿ ನಿದ್ದೆ ಮಾಡುತ್ತಾರೆ.

ನನ್ನಲ್ಲಿಗೆ ಬರುವವರಲ್ಲಿ ಬಹಳ ಜನರಿಗೆ ನಾನು ಇಲ್ಲ ಎಂದೇ ಹೇಳಬೇಕಾಗುತ್ತದೆ, ಅದು ಕಷ್ಟದ ಕೆಲಸ. ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟು ಕಾಲು ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ರಕ್ತ ಹರಿಯದ ಕಡೆ ಸೋಂಕನ್ನು ತಡೆಯುವ ಶಕ್ತಿ ಇರುವುದಿಲ್ಲ. ಬೀಡಿ ಸಿಗರೇಟು ಬಿಡಲಾಗದವರಿಗೆ, ಬೆಳೆಯುವ ವಯಸ್ಸಿನ ಮಕ್ಕಳಿಗೆ, ಆ ಜಾಗಕ್ಕೆ ವಿಕಿರಣ ಚಿಕಿತ್ಸೆ ಆದವರಿಗೆ ಕೂಡ ಬೇಡ ಎನ್ನುತ್ತಾರೆ. ಅವರಿಗೆ ಸರಿಯಾಗಿ ಕೂರುವ ಸಾಕೆಟ್ ಬೇಕು, ವರ್ಷಕ್ಕೊಮ್ಮೆ ಅದನ್ನು ಸರಿಪಡಿಸುವವರು ಬೇಕು. ನಿಜ ಹೇಳಬೇಕೆಂದರೆ, ವಿಡಿಯೊ ತೋರಿಸುವ ಎಷ್ಟೋ ಜನರ ಸಂಕಟ ಸಾಕೆಟ್ಟಿನ ಅಳತೆ ತಪ್ಪಿದ್ದರಿಂದ ಬಂದದ್ದು. ಶಿಬಿರದಲ್ಲಿ ಕೊಟ್ಟ ಕಾಲನ್ನು ವರ್ಷಗಟ್ಟಲೆ ಒಮ್ಮೆಯೂ ಸರಿಪಡಿಸದೆ ಎಳೆದುಕೊಂಡು ನಡೆದಿರುತ್ತಾರೆ.

ಬೆಂಬಲಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೇ ಅಂಗವೈಕಲ್ಯ ಇರುವವರು, ಅಲ್ಪ ಗೌರವಧನದಲ್ಲಿ ಊರೂರು ಅಲೆಯುವವರು. ಅವರ ಕೆಲಸವನ್ನು ಗುರುತಿನ ಚೀಟಿ, ಪಿಂಚಣಿ ಅರ್ಜಿಗಳಿಗೆ ಮಾತ್ರ ಸೀಮಿತಗೊಳಿಸಿದ್ದೇವೆ. ಅರ್ಧ ದಿನದ ತರಬೇತಿ ಕೊಟ್ಟರೆ ಆರೋಗ್ಯವಾದ ದ್ವಾರ ಹೇಗಿರುತ್ತದೆ, ಕೆಟ್ಟದ್ದು ಹೇಗಿರುತ್ತದೆ ಎಂದು ಅವರು ಗುರುತಿಸಬಲ್ಲರು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ದ್ವಾರದ ಫೋಟೊ ತೆಗೆದಿಡಲು ನಾನು ಹೇಳುತ್ತೇನೆ. ಕೆಂಪಾದ ದಿನ ಹೋಲಿಸಿ ನೋಡಲು ಅದು ಬೇಕು, ದೂರದ ವೈದ್ಯರಿಗೆ ಕಳಿಸಲೂ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆಗಲೇ ಮಾಡಿಸಿಕೊಂಡವರ ಜೊತೆ ಒಂದು ಮಧ್ಯಾಹ್ನ ಕಳೆಯಬೇಕು. ಶ್ರೀನಿವಾಸಪುರದವರು ತಮ್ಮ ಕಾಲನ್ನು ಬಿಚ್ಚಿ ದ್ವಾರವನ್ನು ತೋರಿಸಿದಾಗ ಮುಖ ತಿರುಗಿಸಿದವರಿದ್ದಾರೆ. ಅದನ್ನು ದಿನಕ್ಕೆ ಎರಡು ಸಲ ನೋಡಿ ತೊಳೆಯಲು ಮನಸ್ಸು ಒಪ್ಪುತ್ತದೆಯೇ ಎಂಬುದು ಮೊದಲೇ ಗೊತ್ತಾಗಬೇಕು. ಹೆಂಡತಿಯೋ ಗಂಡನೋ ಜೊತೆಯಲ್ಲಿ ಬರಬೇಕು. ಹಾಸಿಗೆಯಲ್ಲಿ, ಮೈ ಮುಟ್ಟುವಾಗ ಆ ಲೋಹ ಇಬ್ಬರ ನಡುವೆ ಇರುತ್ತದೆ. ಈ ಮಾತನ್ನು ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಎತ್ತುವುದಿಲ್ಲ.

ನನ್ನ ದೊಡ್ಡಮ್ಮನ ಮಗ ಇದನ್ನು ಮಾಡಿಸಿಕೊಳ್ಳಬೇಕು ಎಂದಿದ್ದಾನೆ. ಮುಳಬಾಗಿಲಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ತೊಡೆಯ ಮಟ್ಟದಲ್ಲಿ ಕಾಲು ಹೋಯಿತು. ಈಗ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮೋಟು ಗಿಡ್ಡ, ಸಾಕೆಟ್‌ಗಳು ಒಂದಾದ ಮೇಲೊಂದು ಸೋತಿವೆ, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಮುಟ್ಟಿದವನಲ್ಲ. ಕಾಗದದ ಮೇಲೆ ತಕ್ಕ ವ್ಯಕ್ತಿ. “ಮೂಳೆಗೇ ಹಾಕಿದ ಮೇಲೆ ಗಟ್ಟಿಯಾಗಿಯೇ ಇರುತ್ತದಲ್ಲ, ನೀನೇಕೆ ತಡೆಯುತ್ತೀಯೆ?” ಎಂದು ದೊಡ್ಡಮ್ಮ ಕೇಳುತ್ತಾರೆ. ನಾನು ತಡೆಯುತ್ತಿಲ್ಲ. ಅವನ ಜೊತೆ ಕುಳಿತು ಶಸ್ತ್ರವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದೆ. ಇದುವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ, ಅವರಲ್ಲಿ ಎಷ್ಟು ಜನರನ್ನು ಈಗಲೂ ನೋಡುತ್ತಿದ್ದೀರಿ? ಮುರಿದರೆ ಭಾಗ ಎಷ್ಟು ದಿನದಲ್ಲಿ ಬರುತ್ತದೆ, ಖರ್ಚು ಯಾರದು? ಸೋಂಕು ಮೂಳೆಗೆ ಇಳಿದು ತೆಗೆಯಬೇಕಾದರೆ ಆ ಆಪರೇಷನ್ ಎಲ್ಲಿ? ಭಾನುವಾರ ರಾತ್ರಿ ಜ್ವರ ಬಂದರೆ ಯಾರ ನಂಬರ್?

ಮೊದಲಿನ ಎರಡಕ್ಕೆ ವೈದ್ಯರು ತಾಳ್ಮೆಯಿಂದ, ನೇರವಾಗಿ ಉತ್ತರಿಸಿದರು. ಮೂರನೆಯದಕ್ಕೂ ಬರವಣಿಗೆಯಲ್ಲಿ ಕೊಡುತ್ತೇವೆ ಎಂದಿದ್ದಾರೆ. ನಾಲ್ಕನೆಯದಕ್ಕೆ ಸಿಕ್ಕಿರುವುದು ಸ್ವಾಗತ ಕೌಂಟರಿನ ನಂಬರ್. ಒಂದು ಭಾನುವಾರ ರಾತ್ರಿ ನಾವಿಬ್ಬರೂ ಅದಕ್ಕೆ ಕರೆ ಮಾಡಿ ನೋಡಿದೆವು, ಬಹಳ ಹೊತ್ತು ರಿಂಗಾಯಿತು, ಯಾರೂ ಎತ್ತಲಿಲ್ಲ. ಆಪರೇಷನ್ ದಿನಾಂಕವನ್ನು ಮುಂದಕ್ಕೆ ಹಾಕಲು ಹೇಳಿದ್ದು ಅವನೇ. ಬೇರೆ ನಂಬರ್ ಕೊಡುವಂತೆ ಪತ್ರ ಬರೆದಿದ್ದೇವೆ, ಇಲ್ಲಿನ ಒಬ್ಬ ಮೂಳೆ ವೈದ್ಯರು ಆ ಶಸ್ತ್ರವೈದ್ಯರ ಜೊತೆ ಮಾತನಾಡಲು ಒಪ್ಪಿದ್ದಾರೆ.